ಅಪಘಾತ ವಿಮೆಯ ಕಂತು: ನೀವು ಮಾಡೋ ಕೆಲಸ ಬೆಲೆಯನ್ನ ಹೇಗೆ ಬದಲಾಯಿಸುತ್ತೆ?



ಬೆಳೆ ವಿಮೆ ಬಗ್ಗೆ ನಾವೆಲ್ಲ ಮಾತಾಡ್ತೀವಿ. ಕಂತು ಕಟ್ಟೋ ಕೊನೇ ದಿನ ಹತ್ತಿರ ಬಂದರೆ ವಾಟ್ಸಾಪ್ ಗುಂಪುಗಳಲ್ಲಿ ಅದೇ ಸುದ್ದಿ. ಟ್ರ್ಯಾಕ್ಟರಿಗೆ ವಿಮೆ ಇದೆ, ಹಸುವಿಗೆ ವಿಮೆ ಇದೆ. ಆದರೆ ಆ ಬೆಳೆ ಬೆಳೆಯೋ, ಟ್ರ್ಯಾಕ್ಟರ್ ಓಡಿಸೋ, ಹಸು ನೋಡ್ಕೊಳ್ಳೋ ಮನುಷ್ಯನಿಗೆ? ಈ ವಾರದ ಪಾಠ ಅದರ ಬಗ್ಗೆ: ವೈಯಕ್ತಿಕ ಅಪಘಾತ ವಿಮೆ, ಅದರಲ್ಲೂ ಮುಖ್ಯವಾಗಿ ನಮ್ಮ ಕೆಲಸಕ್ಕೂ ಅದರ ಬೆಲೆಗೂ ಇರೋ ಸಂಬಂಧ.

ಒಂದು ಉದಾಹರಣೆ ತಗೊಳ್ಳೋಣ. ಇಬ್ಬರು ಅಣ್ಣತಮ್ಮಂದಿರು ಅಂದ್ಕೊಳ್ಳಿ. ಅಣ್ಣ ಶಿರಸಿಯಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ. ತಮ್ಮ ಊರಲ್ಲೇ ಇದ್ದು ಅಡಿಕೆ ತೋಟ ನೋಡ್ಕೊಳ್ತಾನೆ, ಕೊಯ್ಲಿನ ಸಮಯದಲ್ಲಿ ತಾನೇ ಮರ ಹತ್ತುತ್ತಾನೆ. ಇಬ್ಬರೂ ಆರೋಗ್ಯವಾಗಿದ್ದಾರೆ. ತಮ್ಮನಿಗೆ ವಯಸ್ಸು ಕಡಿಮೆ, ಮೈಕಟ್ಟು ಗಟ್ಟಿ. ಇಬ್ಬರೂ ಒಂದೇ ಕಂಪನಿಯಲ್ಲಿ ಒಂದೇ ಮೊತ್ತದ ಅಪಘಾತ ವಿಮೆ ಕೇಳಿದರೆ, ಜಾಸ್ತಿ ಕಂತು ಬರೋದು ತಮ್ಮನಿಗೆ. ಒಮ್ಮೊಮ್ಮೆ "ನಿಮಗೆ ಕೊಡೋಕಾಗಲ್ಲ" ಅನ್ನೋ ಉತ್ತರವೂ ಬರಬಹುದು. ಯಾಕೆ?

ಜೀವ ವಿಮೆ ಬೇರೆ, ಅಪಘಾತ ವಿಮೆ ಬೇರೆ

ಜೀವ ವಿಮೆಯಲ್ಲಿ ಸಾವು ಯಾವ ಕಾರಣಕ್ಕೆ ಬಂದರೂ (ಕೆಲವು ಷರತ್ತು ಬಿಟ್ಟು) ಹಣ ಬರುತ್ತೆ. ಹಾಗಾಗಿ ಅಲ್ಲಿ ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಎಲ್ಲ ಕೇಳ್ತಾರೆ. ವಯಸ್ಸಾದಷ್ಟೂ ಕಂತು ಏರುತ್ತೆ.

ಅಪಘಾತ ವಿಮೆಯಲ್ಲಿ ಕಂಪನಿ ಕೇಳೋ ದೊಡ್ಡ ಪ್ರಶ್ನೆ ಒಂದೇ: ಈ ಮನುಷ್ಯನಿಗೆ ಈ ವರ್ಷ ಅಪಘಾತ ಆಗೋ ಸಾಧ್ಯತೆ ಎಷ್ಟು? 25 ವರ್ಷದ ಗುಮಾಸ್ತನಿಗೂ 45 ವರ್ಷದ ಗುಮಾಸ್ತನಿಗೂ ಅದರಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ಕುರ್ಚಿ ಮೇಲೆ ಕೂತು ಕೆಲಸ ಮಾಡೋನಿಗೂ ಮರದ ತುದಿಯಲ್ಲಿ ಕೆಲಸ ಮಾಡೋನಿಗೂ ಅಜಗಜಾಂತರ. ಅದಕ್ಕೇ ಇಲ್ಲಿ ವಯಸ್ಸಿಗಿಂತ ಉದ್ಯೋಗಕ್ಕೆ ತೂಕ ಜಾಸ್ತಿ.

"ಅಪಘಾತ" ಅನ್ನೋ ಪದಕ್ಕೆ ವಿಮೆಯಲ್ಲಿ ಗಟ್ಟಿಯಾದ ಅರ್ಥ ಇದೆ. ಹಠಾತ್ತಾಗಿ, ಮೊದಲೇ ಊಹಿಸೋಕಾಗದೆ, ನಮ್ಮ ಇಚ್ಛೆ ಇಲ್ಲದೆ, ಹೊರಗಿನ ಕಾರಣದಿಂದ, ಕಣ್ಣಿಗೆ ಕಾಣೋ ಹಾಗೆ, ಪೆಟ್ಟಾಗುವಂತೆ ನಡೆದ ಘಟನೆ. ಮರದಿಂದ ಬೀಳೋದು ಅಪಘಾತ. ಮೇವು ಕತ್ತರಿಸೋ ಯಂತ್ರಕ್ಕೆ ಕೈ ಸಿಕ್ಕಿಕೊಳ್ಳೋದು ಅಪಘಾತ. ಆದರೆ ಗದ್ದೆಯಲ್ಲಿ ಹೃದಯಾಘಾತ ಆದರೆ ಅದು ಕಾಯಿಲೆ. ಮಲೆನಾಡಿನಲ್ಲಿ ಉಣ್ಣೆ ಕಚ್ಚಿ ಬರೋ ಮಂಗನ ಕಾಯಿಲೆ ಕೂಡ ಕಾಯಿಲೆಯೇ. ವರ್ಷಾನುಗಟ್ಟಲೆ ಔಷಧಿ ಹೊಡೆದು ಶ್ವಾಸಕೋಶ ಹಾಳಾದರೆ ಅದೂ ಇದರಲ್ಲಿ ಬರಲ್ಲ. ಅದಕ್ಕೆಲ್ಲ ಆರೋಗ್ಯ ವಿಮೆ ಬೇರೆ ಬೇಕು.

ಕಂತಿನ ಲೆಕ್ಕ ಹೇಗೆ ಹುಟ್ಟುತ್ತೆ?

ಕೆಳಗಿನ ಅಂಕಿಗಳು ಲೆಕ್ಕ ಅರ್ಥ ಆಗಲಿ ಅಂತ ನಾನು ಹಾಕಿದ್ದು, ಯಾವ ಸಮೀಕ್ಷೆಯದ್ದೂ ಅಲ್ಲ.

10,000 ಗುಮಾಸ್ತರು ತಲಾ 10 ಲಕ್ಷದ ವಿಮೆ ಮಾಡಿಸಿದ್ದಾರೆ ಅಂದ್ಕೊಳ್ಳಿ. ವರ್ಷಕ್ಕೆ ಅವರಲ್ಲಿ 2 ಜನಕ್ಕೆ ದೊಡ್ಡ ಅಪಘಾತ. ಕಂಪನಿ ಕೊಡಬೇಕಾದ್ದು 20 ಲಕ್ಷ. ಅದನ್ನ 10,000 ಜನಕ್ಕೆ ಹಂಚಿದರೆ ತಲೆಗೆ 200 ರೂಪಾಯಿ.

10,000 ರೈತರಲ್ಲಿ ಅದೇ ಸಂಖ್ಯೆ 5 ಇದ್ದರೆ, 50 ಲಕ್ಷ. ತಲೆಗೆ 500 ರೂಪಾಯಿ.

10,000 ಮರ ಹತ್ತುವವರಲ್ಲಿ 20 ಇದ್ದರೆ, 2 ಕೋಟಿ. ತಲೆಗೆ 2,000 ರೂಪಾಯಿ.

ಇದರ ಮೇಲೆ ಕಂಪನಿಯ ಖರ್ಚು, ಏಜೆಂಟರ ಕಮಿಷನ್, ಲಾಭ ಎಲ್ಲ ಸೇರುತ್ತೆ. ಈಗ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿ 900 ರೂಪಾಯಿ ಅಂತ ಬೆಲೆ ಇಟ್ಟರೆ ಏನಾಗುತ್ತೆ? 200 ರೂಪಾಯಿಯ ಅಪಾಯ ಇರೋ ಗುಮಾಸ್ತ "ನನಗೆ ಬೇಡ" ಅಂತ ಎದ್ದು ಹೋಗ್ತಾನೆ. ಕೊನೆಗೆ ಗುಂಪಿನಲ್ಲಿ ಉಳಿಯೋದು ಮರ ಹತ್ತುವವರು ಮಾತ್ರ. ಆಗ 900 ಸಾಕಾಗಲ್ಲ. ಅದಕ್ಕೇ ಕಂಪನಿಗಳು ಮೊದಲೇ ಉದ್ಯೋಗ ನೋಡಿ ಬೇರೆ ಬೇರೆ ಗುಂಪು ಮಾಡಿಬಿಡ್ತವೆ.

ಮೂರು ಗುಂಪುಗಳು

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಉದ್ಯೋಗಗಳನ್ನ ಮೂರು ರಿಸ್ಕ್ ಗ್ರೂಪ್ ಮಾಡ್ತಾರೆ. ಕೆಲವು ಕಂಪನಿಗಳಲ್ಲಿ ನಾಲ್ಕು ಇರಬಹುದು. ಪಟ್ಟಿ ಹೆಚ್ಚು ಕಡಿಮೆ ಹೀಗಿರುತ್ತೆ:

- ಗುಂಪು 1, ಕಡಿಮೆ ಅಪಾಯ: ಶಿಕ್ಷಕರು, ವೈದ್ಯರು, ವಕೀಲರು, ಬ್ಯಾಂಕ್ ನೌಕರರು, ಲೆಕ್ಕಿಗರು. ಒಟ್ಟಿನಲ್ಲಿ ಮೇಜಿನ ಕೆಲಸ.
- ಗುಂಪು 2, ಮಧ್ಯಮ ಅಪಾಯ: ಕಟ್ಟಡ ಕಂಟ್ರಾಕ್ಟರ್, ಪಶುವೈದ್ಯರು, ಡ್ರೈವರ್, ಗ್ಯಾರೇಜ್ ಮೆಕ್ಯಾನಿಕ್, ಯಂತ್ರ ನಡೆಸುವವರು, ಮೈಮುರಿದು ದುಡಿಯುವವರು.
- ಗುಂಪು 3, ಹೆಚ್ಚು ಅಪಾಯ: ಗಣಿ ಕೆಲಸಗಾರರು, ಸ್ಫೋಟಕ ವಸ್ತುಗಳ ಜೊತೆ ಕೆಲಸ ಮಾಡುವವರು, ಹೈ ಟೆನ್ಶನ್ ಲೈನಿನ ಕೆಲಸದವರು, ಸರ್ಕಸ್‌ನವರು, ಕುದುರೆ ಓಟದ ಜಾಕಿಗಳು.

ಪಟ್ಟಿಯಲ್ಲಿ ಒಂದು ಸ್ವಾರಸ್ಯ ಗಮನಿಸಿ. ಡಾಕ್ಟರು ಗುಂಪು 1ರಲ್ಲಿ, ದನದ ಡಾಕ್ಟರು ಗುಂಪು 2ರಲ್ಲಿ. ಓದು ಹೆಚ್ಚುಕಮ್ಮಿ ಅಷ್ಟೇ, ಆದರೆ ಎಮ್ಮೆ ಒದೆಯುತ್ತೆ! ಅಂದರೆ ಇಲ್ಲಿ ಡಿಗ್ರಿ, ಅಂತಸ್ತು, ಸಂಬಳ ಯಾವುದೂ ಲೆಕ್ಕಕ್ಕಿಲ್ಲ. ದಿನಾ ನಿಮ್ಮ ಕೈಕಾಲು ಯಾವುದರ ಹತ್ತಿರ ಇರುತ್ತೆ ಅನ್ನೋದಷ್ಟೇ ಲೆಕ್ಕ. ನಾನು ತೋಟಗಾರಿಕೆ ಪದವಿ ಓದಿದವನು, ಆದರೆ ದಿನಾ ಬ್ರಷ್ ಕಟರ್ ಹಿಡಿಯೋದರಿಂದ ನನ್ನ ಜಾಗ ಗುಂಪು 2. ಸಾವಯವ ಕೃಷಿ ಅಂತ ರಿಯಾಯಿತಿಯೂ ಇಲ್ಲ. ರಾಸಾಯನಿಕ ಹೊಡೆಯದ ತೋಟದಲ್ಲೂ ಹಾವು ಇರುತ್ತೆ, ಕತ್ತಿ ಜಾರುತ್ತೆ.

"ರೈತ" ಅಂದರೆ ಒಂದೇ ಕೆಲಸ ಅಲ್ಲ

ನಮ್ಮ ಸಮಸ್ಯೆ ಶುರುವಾಗೋದು ಇಲ್ಲೇ. ಫಾರಂನಲ್ಲಿ "ಉದ್ಯೋಗ: ಕೃಷಿ" ಅಂತ ಒಂದು ಪದ ಬರೀತೀವಿ. ಆದರೆ ಆ ಒಂದು ಪದದೊಳಗೆ ಎಷ್ಟು ಕೆಲಸ ಇದೆ ನೋಡಿ:

- ಆಳುಗಳನ್ನ ಇಟ್ಟು ಮೇಲ್ವಿಚಾರಣೆ ಮಾತ್ರ ಮಾಡುವ ತೋಟದ ಮಾಲೀಕ
- ತಾನೇ ಟ್ರ್ಯಾಕ್ಟರ್, ಪವರ್ ಟಿಲ್ಲರ್, ರೋಟವೇಟರ್ ಓಡಿಸುವವನು
- ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಜಾರುವ ಅಡಿಕೆ ಮರ ಹತ್ತುವವನು
- ಮರಗಸಿ ಯಂತ್ರದಿಂದ ಮರ ಕಡಿಯುವವನು
- ಬೇಸಾಯದ ಜೊತೆ ಬಾಡಿಗೆ ಗಾಡಿ ಅಥವಾ ಜೆಸಿಬಿ ಓಡಿಸುವವನು

ಮೊದಲನೆಯವನನ್ನ ಕೆಲವು ಕಂಪನಿ ಗುಂಪು 1ಕ್ಕೆ ಹಾಕಬಹುದು. ಎರಡನೆಯವನು ಸಾಮಾನ್ಯವಾಗಿ ಗುಂಪು 2. ಮರ ಹತ್ತುವವನನ್ನ ಗುಂಪು 3ಕ್ಕೆ ಹಾಕಬಹುದು, ಇಲ್ಲವೇ ಪಾಲಿಸಿಯನ್ನೇ ನಿರಾಕರಿಸಬಹುದು. ಕಂಪನಿಯಿಂದ ಕಂಪನಿಗೆ ಇದು ಬದಲಾಗೋದರಿಂದ ಎರಡು ಮೂರು ಕಡೆ ಕೇಳೋದು ಒಳ್ಳೇದು. ಒಬ್ಬನೇ ಎರಡು ಮೂರು ಕೆಲಸ ಮಾಡ್ತಿದ್ದರೆ ಎಲ್ಲವನ್ನೂ ಹೇಳಬೇಕು. ಬೆಲೆ ನಿರ್ಧಾರ ಆಗೋದು ಸಾಮಾನ್ಯವಾಗಿ ಅದರಲ್ಲಿ ಹೆಚ್ಚು ಅಪಾಯದ ಕೆಲಸದ ಮೇಲೆ.

ಅದೇ ಮೂಳೆ ಮುರಿತ, ಬೇರೆ ಬೇರೆ ನಷ್ಟ

ಉದ್ಯೋಗದಿಂದ ಅಪಘಾತದ ಸಾಧ್ಯತೆ ಮಾತ್ರ ಬದಲಾಗೋದಲ್ಲ, ಅಪಘಾತದ ನಂತರದ ನಷ್ಟವೂ ಬದಲಾಗುತ್ತೆ. ಗುಮಾಸ್ತ ಅಣ್ಣನ ಕಾಲು ಮುರಿದರೆ ಪ್ಲಾಸ್ಟರ್ ಹಾಕಿಸಿಕೊಂಡು ಕೆಲವೇ ವಾರದಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂರಬಹುದು, ರಜೆಯ ಸಂಬಳವೂ ಬರುತ್ತೆ. ತಮ್ಮನ ಕಾಲು ಮುರಿದರೆ ಆ ಸಲದ ಕೊಯ್ಲೇ ಹೋಯ್ತು. ಆಳಿನ ಖರ್ಚು ಬೇರೆ.

ಅಪಘಾತ ವಿಮೆಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತೆ:

1. ಅಪಘಾತದಿಂದ ಸಾವು: ಪೂರ್ತಿ ವಿಮಾ ಮೊತ್ತ ನಾಮಿನಿಗೆ.
2. ಶಾಶ್ವತ ಪೂರ್ಣ ಅಂಗವೈಕಲ್ಯ: ಎರಡೂ ಕಣ್ಣು, ಎರಡೂ ಕೈ ಅಥವಾ ಕಾಲು ಹೋದಂಥ ಸಂದರ್ಭ. ಪೂರ್ತಿ ಮೊತ್ತ.
3. ಶಾಶ್ವತ ಭಾಗಶಃ ಅಂಗವೈಕಲ್ಯ: ಒಂದು ಬೆರಳು, ಒಂದು ಕಣ್ಣು ಹೀಗೆ. ಯಾವ ಅಂಗಕ್ಕೆ ಶೇಕಡಾ ಎಷ್ಟು ಅಂತ ಪಾಲಿಸಿಯಲ್ಲಿ ಪಟ್ಟಿ ಇರುತ್ತೆ.
4. ತಾತ್ಕಾಲಿಕ ಪೂರ್ಣ ಅಂಗವೈಕಲ್ಯ: ಗುಣ ಆಗೋವರೆಗೆ ಕೆಲಸ ಮಾಡೋಕಾಗದ ವಾರಗಳಿಗೆ ಇಷ್ಟು ಅಂತ ಹಣ.

ಸಾವಿಗೆ ಮಾತ್ರ ಅನ್ನೋ ಪಾಲಿಸಿ ಅಗ್ಗ. ನಾಲ್ಕನೇ ಭಾಗ ಸೇರಿಸಿದಾಗ ಕಂತು ಏರುತ್ತೆ. ಮೈಮುರಿದು ದುಡಿಯೋರು ಗಾಯದ ನಂತರ ಹೆಚ್ಚು ದಿನ ಮನೆಯಲ್ಲಿ ಕೂರಬೇಕಾಗೋದರಿಂದ ನಮ್ಮಂಥವರಿಗೆ ಈ ಭಾಗ ತುಟ್ಟಿ. ಆದರೆ ನಮಗೆ ನಿಜವಾಗಿ ಉಪಯೋಗಕ್ಕೆ ಬರೋದೂ ಇದೇ. ಆನ್‌ಲೈನಿನಲ್ಲಿ "10 ಲಕ್ಷಕ್ಕೆ ಇಷ್ಟೇ ಕಂತು" ಅಂತ ಕಂಡಾಗ ಈ ನಾಲ್ಕರಲ್ಲಿ ಯಾವುದೆಲ್ಲ ಇದೆ ಅಂತ ಮೊದಲು ನೋಡಿ.

ಹೋಲಿಕೆ ಮಾಡೋಕೆ ಸುಲಭವಾದದ್ದು ಸರಳ ಸುರಕ್ಷಾ ಬಿಮಾ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ರೂಪಿಸಿದ ಈ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ. ಯಾವ ಕಂಪನಿಯಲ್ಲಿ ತಗೊಂಡರೂ ಷರತ್ತುಗಳು ಒಂದೇ, ಕಂತು ಮಾತ್ರ ಬೇರೆ. 18ರಿಂದ 70 ವರ್ಷದವರು ತಗೊಳ್ಳಬಹುದು. ಮೊತ್ತ 2.5 ಲಕ್ಷದಿಂದ 1 ಕೋಟಿವರೆಗೆ. ಮೇಲಿನ ಮೊದಲ ಮೂರು ಭಾಗ ಅದರಲ್ಲೇ ಸೇರಿರುತ್ತೆ. ನಾಲ್ಕನೆಯದನ್ನ ಹೆಚ್ಚುವರಿ ಕಂತು ಕೊಟ್ಟು ಸೇರಿಸಿಕೊಳ್ಳಬಹುದು, ವಾರಕ್ಕೆ ವಿಮಾ ಮೊತ್ತದ ಶೇ. 0.2. ಅಂದರೆ 5 ಲಕ್ಷದ ಪಾಲಿಸಿಗೆ ವಾರಕ್ಕೆ 1,000 ರೂಪಾಯಿ. ದೊಡ್ಡದೇನಲ್ಲ, ಆದರೆ ಮನೆ ರೇಷನ್ನಿಗೆ ಆಗುತ್ತೆ. ಷರತ್ತು ಒಂದೇ ಇರೋದರಿಂದ ಎರಡು ಕಂಪನಿಯ ಕಂತಿನಲ್ಲಿ ವ್ಯತ್ಯಾಸ ಕಂಡರೆ, ನಿಮ್ಮ ಉದ್ಯೋಗವನ್ನ ಯಾರು ಹೇಗೆ ನೋಡ್ತಿದ್ದಾರೆ ಅಂತ ಗೊತ್ತಾಗುತ್ತೆ.

ಉದ್ಯೋಗ ಕೇಳದ ವಿಮೆಗಳೂ ಇವೆ

ಎಲ್ಲರಿಗೂ ಒಂದೇ ಬೆಲೆ ಇಡೋದು ಕಷ್ಟ ಅಂತ ಮೇಲೆ ಹೇಳಿದೆ. ಸರ್ಕಾರ ಮನಸ್ಸು ಮಾಡಿ ಕೋಟ್ಯಂತರ ಜನರನ್ನ ಒಟ್ಟಿಗೆ ಸೇರಿಸಿದರೆ ಅದು ಸಾಧ್ಯ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂಥದ್ದು. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾಯ್ತು, 2022ರ ಜೂನ್‌ನಿಂದ 20 ರೂಪಾಯಿ. ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆ ಇರೋ 18ರಿಂದ 70 ವರ್ಷದವರಿಗೆ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಗುಮಾಸ್ತನಿಗೂ 20, ಕೊನೆಗಾರನಿಗೂ 20. ನಮ್ಮಂಥ ಕೆಲಸದವರಿಗೆ ಇದಕ್ಕಿಂತ ಲಾಭದ ಬೆಲೆ ಎಲ್ಲೂ ಇಲ್ಲ.

ಮಿತಿಗಳನ್ನೂ ತಿಳ್ಕೊಳ್ಳಿ. ಬೆರಳು ಹೋದರೆ ಇದರಲ್ಲಿ ಏನೂ ಬರಲ್ಲ. ಕಾಲು ಮುರಿದು ಗುಣವಾದರೂ ಬರಲ್ಲ. ಆಸ್ಪತ್ರೆ ಖರ್ಚು ಬರಲ್ಲ. ಮೂರು ಬ್ಯಾಂಕಿನಲ್ಲಿ ಮೂರು ಸಲ ಕಟ್ಟಿದರೂ ಸಿಗೋದು ಒಂದೇ ಸಲ. ವರ್ಷ ಅಂದರೆ ಜೂನ್ 1ರಿಂದ ಮೇ 31. ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತೆ.

ಇದಕ್ಕೆ ಹೋಲಿಸಿ ನೋಡೋಕೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಇದೆ. ತೆಂಗಿನ ಮರ ಹತ್ತುವವರು, ಕಾಯಿ ಕೀಳುವವರು, ನೀರಾ ಇಳಿಸುವವರಿಗೆ ಅಂತಲೇ ಮಾಡಿದ್ದು. ಸಾವಿಗೆ 7 ಲಕ್ಷ, ಜೊತೆಗೆ ಆಸ್ಪತ್ರೆ ಖರ್ಚೂ ಸೇರಿದೆ. 2024ರಲ್ಲಿ ಇದರ ವರ್ಷದ ಕಂತು 956 ರೂಪಾಯಿ ಇತ್ತು. ಅದರಲ್ಲಿ ಮುಕ್ಕಾಲು ಪಾಲು ಮಂಡಳಿಯದ್ದು, ಹತ್ತುವವರದ್ದು 239 ರೂಪಾಯಿ. ಆಮೇಲೆ ದರ ಬದಲಾಗಿದೆ, ಅರ್ಜಿ ಹಾಕುವಾಗ ಈಗಿನದು ಕೇಳಿ.

ಲಕ್ಷಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. ಸುರಕ್ಷಾ ಬಿಮಾ: ಲಕ್ಷಕ್ಕೆ 10 ರೂಪಾಯಿ. ಕೇರ ಸುರಕ್ಷಾ: ಲಕ್ಷಕ್ಕೆ ಸುಮಾರು 137 ರೂಪಾಯಿ. ಆಸ್ಪತ್ರೆ ಖರ್ಚಿನ ಪಾಲು ಇದರಲ್ಲಿದೆ ನಿಜ. ಆದರೂ ಮರ ಹತ್ತುವವರನ್ನ ಮಾತ್ರ ಒಂದು ಗುಂಪು ಮಾಡಿದಾಗ ಬೆಲೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗೋಕೆ ಇಷ್ಟು ಸಾಕು. ಆ ಬೆಲೆಯನ್ನ ಹತ್ತುವವನೊಬ್ಬನೇ ಹೊರೋಕಾಗಲ್ಲ ಅಂತಲೇ ಮಂಡಳಿ ಪಾಲು ಹಾಕ್ತಿರೋದು.

ಮೂರನೆಯದು ನಿಮ್ಮ ಬೈಕ್, ಟ್ರ್ಯಾಕ್ಟರ್ ವಿಮೆಯೊಳಗೇ ಇರೋದು. ಮಾಲೀಕ ಚಾಲಕನಿಗೆ 15 ಲಕ್ಷದ ಕಡ್ಡಾಯ ಅಪಘಾತ ವಿಮೆ. ಇಲ್ಲಿಯೂ ನಿಮ್ಮ ಕಸುಬು ಲೆಕ್ಕಕ್ಕಿಲ್ಲ, ಯಾಕಂದ್ರೆ ಅದು ಆ ವಾಹನದ ಅಪಘಾತಕ್ಕೆ ಮಾತ್ರ. ಆದರೆ ನಿಮ್ಮ ಹೆಸರಲ್ಲಿ ಚಾಲ್ತಿಯಲ್ಲಿರೋ ಡ್ರೈವಿಂಗ್ ಲೈಸೆನ್ಸ್ ಇರಬೇಕು. ಟ್ರ್ಯಾಕ್ಟರ್ ಅಪ್ಪನ ಹೆಸರಲ್ಲಿದ್ದು ನೀವು ಓಡಿಸ್ತಿದ್ದರೆ ಈ ವಿಮೆ ನಿಮಗೆ ಬರಲ್ಲ. ಇದು ನಮ್ಮ ಬಹಳ ಮನೆಗಳ ಕಥೆ.

ಕಂತು ಉಳಿಸೋಕೆ ಬೇರೆ ಉದ್ಯೋಗ ಬರೆದರೆ?

ನಮ್ಮ ಭಾಗದಲ್ಲಿ ಒಬ್ಬ ಹುಡುಗ ಪಾಲಿಸಿ ಮಾಡಿಸುವಾಗ ಏಜೆಂಟ್ "ಕೃಷಿ ಬೇಡ, ವ್ಯಾಪಾರ ಅಂತ ಹಾಕೋಣ, ಕಂತು ಕಡಿಮೆ ಆಗುತ್ತೆ" ಅಂದ. ಉಳಿದದ್ದು ವರ್ಷಕ್ಕೆ ಕೆಲವು ನೂರು ರೂಪಾಯಿ. ಮರುವರ್ಷ ಅಡಿಕೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯ್ತು. ಆಸ್ಪತ್ರೆ ದಾಖಲೆಯಲ್ಲಿ "ಅಡಿಕೆ ಕೊಯ್ಯುವಾಗ ಮರದಿಂದ ಬಿದ್ದದ್ದು" ಅಂತ ಇತ್ತು. ಫಾರಂನಲ್ಲಿ "ವ್ಯಾಪಾರಿ" ಅಂತ ಇತ್ತು. ಕಂಪನಿ ಕ್ಲೇಮ್ ತಡೆಹಿಡಿದು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿತು. ಮನೆಯವರು ಆಸ್ಪತ್ರೆ ಸಾಲ ತೀರಿಸೋಕೆ ಬೆಳೆಯನ್ನ ಮೊದಲೇ ವ್ಯಾಪಾರಿಗೆ ಒಪ್ಪಿಸಬೇಕಾಯ್ತು.

ವಿಮೆ ಅನ್ನೋದು ನಂಬಿಕೆಯ ಒಪ್ಪಂದ. ಬೆಲೆ ನಿರ್ಧರಿಸೋಕೆ ಬೇಕಾದ ಸತ್ಯವನ್ನ ಹೇಳೋ ಹೊಣೆ ನಮ್ಮ ಮೇಲಿದೆ. ಫಾರಂ ಯಾರೇ ತುಂಬಲಿ, ಸಹಿ ನಮ್ಮದು. ಮೊಬೈಲಿನಲ್ಲಿ ಮಾಡಿದರೆ ಆ ಒಟಿಪಿಯೇ ನಮ್ಮ ಸಹಿ. ಉದ್ಯೋಗ ತಪ್ಪಾಗಿದ್ದರೆ ಕಂಪನಿ ಕ್ಲೇಮ್ ನಿರಾಕರಿಸಬಹುದು. ಕೆಲವು ಪಾಲಿಸಿಗಳಲ್ಲಿ, ಕಟ್ಟಿದ ಕಂತಿಗೆ ತಕ್ಕಷ್ಟು ಮಾತ್ರ ಕೊಡ್ತೀವಿ ಅನ್ನೋ ಷರತ್ತು ಇರುತ್ತೆ.

ಮಧ್ಯದಲ್ಲಿ ಕೆಲಸ ಬದಲಾದರೂ ತಿಳಿಸಬೇಕು. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಗ ಮಾಡಿಸಿದ ಪಾಲಿಸಿಯನ್ನೇ ಊರಿಗೆ ಬಂದ ಮೇಲೂ ನವೀಕರಿಸ್ತಾ ಇರೋರು ಬಹಳ ಜನ. ಊರಿಗೆ ಮರಳಿದ ಗೆಳೆಯರೇ, ಇದು ವಿಶೇಷವಾಗಿ ನಿಮಗೆ. ಒಂದು ಇಮೇಲ್ ಹಾಕಿ: "ಈಗ ನನ್ನ ಉದ್ಯೋಗ ಕೃಷಿ, ಇಂಥಿಂಥ ಕೆಲಸ ಮಾಡ್ತೀನಿ." ಕಂತು ಸ್ವಲ್ಪ ಏರಬಹುದು. ಆದರೆ ಪಾಲಿಸಿ ಗಟ್ಟಿಯಾಗುತ್ತೆ. ಉತ್ತರವನ್ನ ಉಳಿಸಿಕೊಳ್ಳಿ.

ಫಾರಂ ತುಂಬುವಾಗ ನೋಡಬೇಕಾದ್ದು

- ಉದ್ಯೋಗದ ಜಾಗದಲ್ಲಿ "ಕೃಷಿ" ಅಂತಷ್ಟೇ ಬಿಡಬೇಡಿ. ಟ್ರ್ಯಾಕ್ಟರ್ ಓಡಿಸ್ತೀನಿ, ಮರ ಹತ್ತುತ್ತೀನಿ ಅಂತ ಬಿಡಿಸಿ ಬರೀರಿ.
- ನಿಮ್ಮನ್ನ ಯಾವ ರಿಸ್ಕ್ ಗ್ರೂಪ್‌ಗೆ ಹಾಕಿದ್ದಾರೆ ಅಂತ ಬರಹದಲ್ಲಿ ಕೇಳಿ.
- ಮರದಿಂದ ಬೀಳೋದು, ಹಾವು ಕಡಿತ, ಕರೆಂಟ್ ಶಾಕ್, ಕಾಡುಪ್ರಾಣಿ ದಾಳಿ ಸೇರಿದೆಯಾ ಅಂತ ನೋಡಿ.
- ವಿಮಾ ಮೊತ್ತಕ್ಕೆ ಆದಾಯದ ದಾಖಲೆ ಕೇಳಬಹುದು. ಪಹಣಿ, ಅಡಿಕೆ ಮಾರಿದ ಸೊಸೈಟಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಕಡೆ ಇಟ್ಕೊಳ್ಳಿ.
- ಕುಡಿದಾಗ ಆದ ಅಪಘಾತಕ್ಕೆ ಹಣ ಬರಲ್ಲ.
- ನಾಮಿನಿ ಹೆಸರು ಆಧಾರ್‌ನಲ್ಲಿ ಇರೋ ಹಾಗೇ ಇರಲಿ.

ಅಪಘಾತ ಆದರೆ

ಮೊದಲು ಆಸ್ಪತ್ರೆ. ನಾಟಿ ಔಷಧಿ ಅಂತ ಕಾಯಬೇಡಿ, ಜೀವದ ದೃಷ್ಟಿಯಿಂದಲೂ ದಾಖಲೆಯ ದೃಷ್ಟಿಯಿಂದಲೂ. ಸುರಕ್ಷಾ ಬಿಮಾ ಯೋಜನೆಯಲ್ಲಿ ರಸ್ತೆ ಅಪಘಾತ, ನೀರಲ್ಲಿ ಮುಳುಗೋದು ಇಂಥದ್ದಕ್ಕೆ ಪೊಲೀಸ್ ದೂರು ಬೇಕು. ಹಾವು ಕಡಿತ, ಮರದಿಂದ ಬೀಳೋದು ಇಂಥದ್ದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಬೇಕು. ಹೇಗೆ ಆಯ್ತು ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ, ಅದು ಚೀಟಿಯಲ್ಲಿ ಬರಲಿ. ಸಾವಾದರೆ ಪೋಸ್ಟ್‌ಮಾರ್ಟಂ ಬೇಡ ಅನ್ನಬೇಡಿ. 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಿ. ಹಾವು ಕಡಿತದಿಂದ ಸಾವಾದ ರೈತರ ಕುಟುಂಬಕ್ಕೆ ರಾಜ್ಯ ಕೃಷಿ ಇಲಾಖೆಯ ಪರಿಹಾರವೂ ಇದೆ, ಅದು ವಿಮೆಗಿಂತ ಬೇರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಕಂಪನಿ ಸರಿಯಾಗಿ ಉತ್ತರ ಕೊಡದಿದ್ದರೆ ಮೊದಲು ಅವರ ದೂರು ವಿಭಾಗಕ್ಕೆ ಬರೀರಿ. ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು, ಬೆಂಗಳೂರಲ್ಲಿ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ 155255, ಆನ್‌ಲೈನ್ ದೂರಿಗೆ ಬಿಮಾ ಭರೋಸಾ ಪೋರ್ಟಲ್.

ಈ ವಾರದ ಕೆಲಸ

1. ಬ್ಯಾಂಕ್ ಆ್ಯಪ್ ತೆಗೆದು ಮೇ ಕೊನೆಯ ಅಥವಾ ಜೂನ್ ಮೊದಲ ದಿನಗಳ ಸ್ಟೇಟ್‌ಮೆಂಟ್ ನೋಡಿ. ಸುರಕ್ಷಾ ಬಿಮಾದ 20 ರೂಪಾಯಿ ಕಟ್ ಆಗಿದೆಯಾ? ಮನೆಯ ಹೆಂಗಸರ ಖಾತೆಯನ್ನೂ ನೋಡಿ. ಹುಲ್ಲಿಗೆ ಹೋಗೋದು, ಮೇವು ಕತ್ತರಿಸೋದು ಹೆಚ್ಚಾಗಿ ಅವರೇ.
2. ಟ್ರ್ಯಾಕ್ಟರ್, ಬೈಕ್ ಯಾರ ಹೆಸರಲ್ಲಿದೆ, ಓಡಿಸೋದು ಯಾರು, ಲೈಸೆನ್ಸ್ ಯಾವಾಗ ಮುಗಿಯುತ್ತೆ ಅಂತ ಬರೆದಿಡಿ.
3. ಸರಳ ಸುರಕ್ಷಾ ಬಿಮಾಗೆ ಎರಡು ಕಂಪನಿಯಲ್ಲಿ ನಿಮ್ಮ ನಿಜವಾದ ಕೆಲಸ ಹೇಳಿ ಕಂತು ಕೇಳಿ, ಹೋಲಿಸಿ.
4. ನಿಮ್ಮ ತೋಟಕ್ಕೆ ಬರೋ ಕೊನೆಗಾರರನ್ನ ಕೇಳಿ: "ಅಣ್ಣಾ, ಆ 20 ರೂಪಾಯಿ ವಿಮೆ ಮಾಡಿಸಿದ್ದೀರಾ?" ಇಲ್ಲ ಅಂದರೆ ಬಿಡುವು ಮಾಡ್ಕೊಂಡು ಬ್ಯಾಂಕಿಗೆ ಜೊತೆಗೆ ಹೋಗಿ ಬನ್ನಿ. ತೆಂಗು ಹತ್ತುವವರಾದರೆ ಕೇರ ಸುರಕ್ಷಾ ಅರ್ಜಿಯನ್ನೂ ತುಂಬಿಸಿಕೊಡಿ. ಅವರು ಕೆಲವರಿಗೆ ಫಾರಂ ಓದೋಕೆ ಕಷ್ಟ, ನಮಗೆ ಅದು ಹತ್ತು ನಿಮಿಷದ ಕೆಲಸ.

ಒಂದು ಕೊನೇ ಮಾತು. ವಿಮೆ ಇದೆ ಅಂತ ಮಳೆಯಲ್ಲಿ ಜಾರುವ ಮರ ಹತ್ತಬೇಡಿ. ದೋಟಿಯಲ್ಲಿ ಆಗೋ ಕೆಲಸವನ್ನ ನೆಲದಲ್ಲೇ ನಿಂತು ಮಾಡಿ, ಮೇಲೆ ಕರೆಂಟ್ ತಂತಿ ಇದೆಯಾ ಅಂತ ಮೊದಲು ತಲೆ ಎತ್ತಿ ನೋಡಿ. ಬ್ರಷ್ ಕಟರ್ ಹಿಡಿಯುವಾಗ ಕನ್ನಡಕ, ಬೂಟು ಇರಲಿ. ನಮ್ಮ ಕೆಲಸ ಅಪಾಯದ್ದು ಅಂತ ಕಂಪನಿಗಳು ಲೆಕ್ಕ ಹಾಕಿ ಬೆಲೆ ಕಟ್ಟಿವೆ. ಅಷ್ಟೇ ಗಂಭೀರವಾಗಿ ನಾವೂ ಅದನ್ನ ತಗೊಂಡರೆ ಮನೆಯವರಿಗೆ ನೆಮ್ಮದಿ.

ಮುಂದಿನ ವಾರ ಮತ್ತೆ ಸಿಗೋಣ.